ಸ್ನಾಯು ಬೆಳೆಸೋದು ಸ್ಯಾಟಲೈಟ್ ಕೋಶಗಳೇನಾ?

ಪ್ರಶ್ನೆ: ನನಗೆ 29 ವರ್ಷ. ಜಿಮ್ ಸೇರಿ ಎಂಟು ತಿಂಗಳಾಯ್ತು. "ತೂಕ ಎತ್ತಿದಾಗ ಸ್ನಾಯು ಹರಿಯುತ್ತೆ, ಆಗ ಸ್ಯಾಟಲೈಟ್ ಸೆಲ್‌ಗಳು ಎದ್ದು ಬಂದು ಹೊಸ ಸ್ನಾಯು ಕಟ್ಟುತ್ತವೆ, ಅದಕ್ಕೇ ಮರುದಿನ ನೋವು ಬರ್ಲೇಬೇಕು" ಅಂತಾರೆ ನಮ್ಮ ಕೋಚ್. ಆದರೆ ಈ ಕೋಶಗಳನ್ನು ತೆಗೆದುಹಾಕಿದ ಇಲಿಗಳಲ್ಲೂ ಸ್ನಾಯು ಬೆಳೆಯಿತು ಅಂತ ಒಂದು ಕಡೆ ಓದಿದೆ. ಯಾವುದು ಸರಿ? ನೋವಿನ ಮಾತ್ರೆ ತಗೊಂಡರೆ ಇವುಗಳ ಕೆಲಸ ಕೆಡುತ್ತಾ? ಮುಂದಿನ ವರ್ಷ ಎರಡು ಮೂರು ತಿಂಗಳು ಜಿಮ್ ಬಿಡಬೇಕಾಗುತ್ತೆ. ಬಿಟ್ಟರೆ ಮಾಡಿದ್ದೆಲ್ಲ ಹೋದ ಹಾಗೇನಾ?

ಉತ್ತರ: ನಿಮ್ಮ ಕೋಚ್ ಹೇಳಿದ್ದರಲ್ಲಿ ಅರ್ಧ ನಿಜ ಇದೆ. ನೀವು ಓದಿದ್ದೂ ನಿಜವೇ. ರಿಪೇರಿ ಮತ್ತು ಬೆಳವಣಿಗೆ ಎರಡೂ ಒಂದೇ ಅಂದುಕೊಂಡರೆ ಮಾತ್ರ ಇವು ಒಂದಕ್ಕೊಂದು ಹೊಂದುವುದಿಲ್ಲ. ಪೆಟ್ಟು ಬಿದ್ದು ಹಾಳಾದ ಸ್ನಾಯು ಮತ್ತೆ ಹುಟ್ಟಬೇಕಾದರೆ, ಸ್ನಾಯುವಿನಲ್ಲಿ ಬೀಜದ ಹಾಗೆ ಮಲಗಿರುವ ಈ ಸ್ಯಾಟಲೈಟ್ ಕೋಶ ಬೇಕೇ ಬೇಕು. ಅದರಲ್ಲಿ ಎರಡು ಮಾತಿಲ್ಲ. ಚೆನ್ನಾಗಿರುವ ಸ್ನಾಯು ದಪ್ಪ ಆಗುವುದಕ್ಕೆ ಅವು ಎಷ್ಟು ಬೇಕು ಅನ್ನೋದರ ಬಗ್ಗೆ ಮಾತ್ರ ಹತ್ತು ಹದಿನೈದು ವರ್ಷಗಳಿಂದ ಜಗಳ ನಡೆದಿದೆ.

ಮೊದಲು ಇವು ಇರುವ ಜಾಗ ನೋಡೋಣ. ಸ್ನಾಯುವಿನ ಒಂದೊಂದು ಎಳೆಯೂ ಒಂದೊಂದು ಜೀವಕೋಶ. ದಪ್ಪ ಹೆಚ್ಚುಕಡಿಮೆ ತಲೆಗೂದಲಿನಷ್ಟು. ಉದ್ದ ಮಾತ್ರ ಹಲವು ಸೆಂಟಿಮೀಟರ್ ಇರಬಹುದು. ಇಷ್ಟುದ್ದದ ಕೋಶಕ್ಕೆ ಒಂದು ನ್ಯೂಕ್ಲಿಯಸ್, ಅಂದರೆ ಡಿಎನ್‌ಎ ಇರುವ ಕೋಶಕೇಂದ್ರ, ಸಾಕಾಗುತ್ತಾ? ಸಾಕಾಗಲ್ಲ. ಹಾಗಾಗಿ ನೂರಾರು, ಉದ್ದದ ಎಳೆಯಾದರೆ ಸಾವಿರಾರು ನ್ಯೂಕ್ಲಿಯಸ್‌ಗಳು ಅಂಚಿಗೆ ಸಾಲಾಗಿ ಕೂತಿರುತ್ತವೆ. ಎಳೆಗೆ ತನ್ನದೇ ಪೊರೆ ಒಂದಿದೆ. ಅದರ ಹೊರಗೆ ಕವಚದ ಹಾಗೆ ಇನ್ನೊಂದು ಪದರ. ಈ ಎರಡರ ನಡುವೆ, ಪುಸ್ತಕಕ್ಕೆ ಹಾಕಿದ ಬೈಂಡಿನೊಳಗೆ ಸಿಕ್ಕಿಸಿಟ್ಟ ಚೀಟಿಯ ಹಾಗೆ, ಚಪ್ಪಟೆಯಾಗಿ ಅಂಟಿಕೊಂಡಿರುತ್ತದೆ ಸ್ಯಾಟಲೈಟ್ ಕೋಶ. ಮೈಯೆಲ್ಲ ನ್ಯೂಕ್ಲಿಯಸ್ಸೇ, ಸುತ್ತ ತೆಳುವಾಗಿ ಒಂದಿಷ್ಟು ರಸ, ಅಷ್ಟೇ.

ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಇದೂ ಎಳೆಯದೇ ಒಂದು ನ್ಯೂಕ್ಲಿಯಸ್ ಅನಿಸುತ್ತದೆ. ಅದಕ್ಕೇ 1961ರವರೆಗೂ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಆ ವರ್ಷ ಅಲೆಕ್ಸಾಂಡರ್ ಮೌರೊ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಪ್ಪೆಯ ಕಾಲಿನ ಸ್ನಾಯು ನೋಡುತ್ತಿದ್ದಾಗ, ನ್ಯೂಕ್ಲಿಯಸ್ ಅಂತ ಕಂಡದ್ದಕ್ಕೆ ಬೇರೆಯದೇ ಪೊರೆ ಇರುವುದು ಗೊತ್ತಾಯಿತು. ಎಳೆಯ ಸುತ್ತ ಉಪಗ್ರಹದ ಹಾಗೆ ಅಂಚಿನಲ್ಲಿ ಇದ್ದುದರಿಂದ ಸ್ಯಾಟಲೈಟ್ ಅಂತ ಕರೆದರು. ಅದೇ ವರ್ಷ ಬರ್ನಾರ್ಡ್ ಕಾಟ್ಜ್ ಕೂಡ ಕಪ್ಪೆಯ ಸ್ನಾಯುವಿನಲ್ಲಿ ಇದನ್ನು ನೋಡಿ ಬರೆದಿದ್ದರು. ಆದರೆ ಅವರ ಗಮನ ಎಲ್ಲ ನರಗಳ ಮೇಲಿತ್ತು. ಇದು ಮಲಗಿರುವ ಸ್ನಾಯು ಬೀಜ ಆಗಿರಬಹುದಾ ಅಂತ ಊಹಿಸಿದ್ದು ಮೌರೊ. ಬರೀ ಆಕಾರ ನೋಡಿ ಮಾಡಿದ ಊಹೆ. ಹತ್ತು ವರ್ಷದಲ್ಲಿ ಸರಿ ಅಂತಾಯ್ತು.

1971ರಲ್ಲಿ ಮಾಸ್ ಮತ್ತು ಲಬ್ಲಾಂಡ್ ಬೆಳೆಯುವ ವಯಸ್ಸಿನ ಇಲಿಗಳಿಗೆ ವಿಕಿರಣದ ಗುರುತು ಹಾಕಿದ ಥೈಮಿಡಿನ್ (ಡಿಎನ್‌ಎ ಕಟ್ಟಲು ಬೇಕಾದ ವಸ್ತು) ಕೊಟ್ಟರು. ಡಿಎನ್‌ಎ ನಕಲಾಗುತ್ತಿರುವ ಕೋಶಗಳಿಗೆ ಮಾತ್ರ ಅದು ಸೇರುತ್ತದೆ. ಮೊದಲು ನೋಡಿದಾಗ ಗುರುತು ಇದ್ದದ್ದು ಸ್ಯಾಟಲೈಟ್ ಕೋಶಗಳಲ್ಲಿ. ಸ್ವಲ್ಪ ಕಾಲ ಬಿಟ್ಟು ನೋಡಿದರೆ ಎಳೆಯ ಒಳಗಿನ ನ್ಯೂಕ್ಲಿಯಸ್‌ಗಳಲ್ಲೂ ಅದೇ ಗುರುತು! ಎಳೆಯ ಸ್ವಂತ ನ್ಯೂಕ್ಲಿಯಸ್‌ಗಳು ಒಡೆದು ಎರಡಾಗುವುದಿಲ್ಲ. ಅಂದರೆ ಹೊಸವು ಬಂದದ್ದು ಹೊರಗಿನಿಂದಲೇ.

ಈ ಕೋಶಗಳು ಏಳುವುದನ್ನು ನಮ್ಮ ಲ್ಯಾಬಿನಲ್ಲಿ ಕಣ್ಣಾರೆ ನೋಡಬಹುದು. ನನಗೆ ಇವತ್ತಿಗೂ ಬೇಸರ ಬಾರದ ಕೆಲಸ ಅದು. ಸುಂಡಿಲಿಯ ಕಾಲಿನ ಪುಟ್ಟ ಸ್ನಾಯುವೊಂದನ್ನು ಕೊಲಾಜಿನೇಸ್ ಕಿಣ್ವದಲ್ಲಿ ಬೆಚ್ಚಗೆ ಇಡುತ್ತೇವೆ. ಎಳೆಗಳನ್ನು ಹಿಡಿದಿಟ್ಟ ಅಂಟು ಸಡಿಲವಾಗುತ್ತದೆ. ಆಮೇಲೆ ಬಾಯಿ ಅಗಲ ಇರುವ ಪಿಪೆಟ್‌ನಿಂದ ಮೆಲ್ಲಗೆ ದ್ರಾವಣ ಬಿಡುತ್ತಿದ್ದರೆ ಎಳೆಗಳು ಒಂದೊಂದಾಗಿ ಬಿಟ್ಟುಕೊಳ್ಳುತ್ತವೆ. ಕೈ ಚೂರು ಒರಟಾದರೂ ಸಾಕು, ಎಳೆ ಮುದುಡಿ ಕಪ್ಪು ಉಂಡೆಯಾಗಿ ಸತ್ತುಹೋಗುತ್ತದೆ. ಕಲಿಯುವಾಗ ಮೊದಲ ಕೆಲವು ವಾರ ನಾನು ಮಾಡಿದ್ದೆಲ್ಲ ಬರೀ ಉಂಡೆಗಳೇ. ಸರಿಯಾಗಿ ಬಂದ ಎಳೆ ಗಾಜಿನ ಕಡ್ಡಿಯ ಹಾಗೆ ನೆಟ್ಟಗೆ ಹೊಳೆಯುತ್ತಾ ತೇಲುತ್ತದೆ, ಮೈತುಂಬ ಅಡ್ಡಗೆರೆ. ಮೊದಲ ದಿನ ಏನೂ ಕಾಣಲ್ಲ. ಎರಡನೇ ದಿನ ಎಳೆಯ ಮೈಮೇಲೆ ಅಲ್ಲೊಂದು ಇಲ್ಲೊಂದು ಮೊಡವೆಯ ಹಾಗೆ ಉಬ್ಬು ಏಳುತ್ತದೆ. ಮೂರನೇ ದಿನಕ್ಕೆ ಒಂದೊಂದು ಉಬ್ಬೂ ನಾಲ್ಕೈದು ಕೋಶಗಳ ಗೊಂಚಲು. ಮೊದಲ ಸಲ ಒಡೆಯುವುದಕ್ಕೆ ಒಂದು ದಿನಕ್ಕಿಂತ ಜಾಸ್ತಿ ತಗೊಳ್ಳುತ್ತವೆ. ಮೈ ಮುರಿದು ಎದ್ದಮೇಲೆ ಮಾತ್ರ ಓಟವೇ ಓಟ.

ಮಲಗಿರುವಾಗ ಇವುಗಳಲ್ಲಿ ಪ್ಯಾಕ್ಸ್7 ಅನ್ನುವ ಪ್ರೋಟೀನ್ ಇರುತ್ತದೆ. ನಾವು ಇವನ್ನು ಗುರುತಿಸುವುದೇ ಅದರಿಂದ. ಎದ್ದಾಗ ಮಯೋಡಿ ಬರುತ್ತದೆ. "ನೀನು ಇನ್ನು ಸ್ನಾಯು ಆಗು" ಅಂತ ಅಪ್ಪಣೆ ಕೊಡುವ ಪ್ರೋಟೀನ್ ಅದು. ಚರ್ಮದ ಕೆಳಗಿನ ಸಾಧಾರಣ ಕೋಶಕ್ಕೆ ಇದನ್ನು ತುರುಕಿದರೂ ಸ್ನಾಯುವಿನ ದಾರಿ ಹಿಡಿಯುತ್ತದೆ ಅಂತ 1987ರಲ್ಲೇ ಗೊತ್ತಾಗಿತ್ತು. ಕೊನೆಗೆ ಮಯೋಮೇಕರ್ ಅನ್ನುವ ಪ್ರೋಟೀನಿನ ನೆರವಿನಿಂದ ಕೋಶ ಎಳೆಯ ಜೊತೆ ಬೆರೆತು, ತನ್ನ ನ್ಯೂಕ್ಲಿಯಸ್ಸನ್ನು ಒಳಗೆ ಬಿಟ್ಟು ಇಲ್ಲವಾಗುತ್ತದೆ. ಎಲ್ಲವೂ ಹೀಗೆ ಬೆರೆತರೆ ಮುಂದಿನ ಸಲಕ್ಕೆ ಯಾರಿರುತ್ತಾರೆ? ಕೆಲವು ಬೆರೆಯದೆ ವಾಪಸು ಪ್ಯಾಕ್ಸ್7ಕ್ಕೆ ತಿರುಗಿ, ತಮ್ಮ ಜಾಗದಲ್ಲಿ ಮತ್ತೆ ಮಲಗಿಬಿಡುತ್ತವೆ. ಬೀಜಕ್ಕೆ ಅಂತ ಎತ್ತಿಟ್ಟ ಕಾಳಿನ ಹಾಗೆ.

ಇವುಗಳ ಕಸುವು ಎಷ್ಟು ಅಂತ 2005ರ ಒಂದು ಪ್ರಯೋಗದಲ್ಲಿ ಗೊತ್ತಾಯಿತು. ಒಂದೇ ಒಂದು ಎಳೆಯನ್ನು, ಅದರ ಮೇಲಿದ್ದ ಏಳೇ ಏಳು ಸ್ಯಾಟಲೈಟ್ ಕೋಶಗಳ ಸಮೇತ, ಇನ್ನೊಂದು ಸುಂಡಿಲಿಯ ಹಾಳಾದ ಸ್ನಾಯುವಿಗೆ ಕಸಿ ಮಾಡಿದರು. ನೂರಕ್ಕೂ ಹೆಚ್ಚು ಹೊಸ ಎಳೆಗಳು ಹುಟ್ಟಿದವು. ಇದನ್ನೇ ತಿರುಗಿಸಿ ನೋಡಿದರೆ, 2011ರಲ್ಲಿ ಬೇರೆ ಬೇರೆ ತಂಡಗಳು ಪ್ಯಾಕ್ಸ್7 ಇರುವ ಕೋಶಗಳನ್ನೇ ಕೊಂದು ಸ್ನಾಯುವಿಗೆ ಗಾಯ ಮಾಡಿದವು. ಸ್ನಾಯು ಹುಟ್ಟಲೇ ಇಲ್ಲ. ಆ ಜಾಗದಲ್ಲಿ ಕೊಬ್ಬು, ಗಾಯದ ಕಲೆಯಂಥ ನಾರು ತುಂಬಿಕೊಂಡಿತು.

ಇನ್ನು ಬೆಳವಣಿಗೆಗೆ ಬರೋಣ.

ದೊಡ್ಡವರಲ್ಲಿ ವ್ಯಾಯಾಮದಿಂದ ಹೊಸ ಎಳೆಗಳು ಹುಟ್ಟುವುದು ಇಲ್ಲವೆನ್ನುವಷ್ಟು ಕಡಿಮೆ. ಇದ್ದ ಎಳೆಯೇ ದಪ್ಪ ಆಗುತ್ತದೆ. ಒಳಗೆ ಪ್ರೋಟೀನ್ ಹೆಚ್ಚುತ್ತದೆ. ಆ ಪ್ರೋಟೀನ್ ತಯಾರಿಗೆ ಆದೇಶ ಹೊರಡುವುದು ನ್ಯೂಕ್ಲಿಯಸ್‌ನಿಂದ. ಒಂದೊಂದು ನ್ಯೂಕ್ಲಿಯಸ್‌ಗೂ ತನ್ನದೇ ಸರಹದ್ದು ಇದೆ, ಅದರಾಚೆ ಅದರ ಕೈ ಓಡಲ್ಲ ಅನ್ನೋದು ಹಳೆಯ ವಾದ. ಹಾಗಾದರೆ ಎಳೆ ದಪ್ಪವಾಗುತ್ತಾ ಹೋದ ಹಾಗೆ ಸರಹದ್ದು ಹಿಗ್ಗಿ ಒಂದು ಮಿತಿ ಮುಟ್ಟುತ್ತದೆ. ಅಲ್ಲಿಂದ ಮುಂದೆ ಹೋಗಬೇಕಾದರೆ ಹೊಸ ನ್ಯೂಕ್ಲಿಯಸ್ ಬೇಕು. ಕೊಡುವವರು ಯಾರು? ಸ್ಯಾಟಲೈಟ್ ಕೋಶ. ಚೆನ್ನಾಗಿ ಕೂಡಿಬರುವ ಲೆಕ್ಕ. ಎಲ್ಲರೂ ಒಪ್ಪಿದ್ದರು.

ಆಮೇಲೆ ಬಂತು ನೀವು ಓದಿದ ಪ್ರಯೋಗ. ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದ ಮೆಕಾರ್ಥಿ, ಪೀಟರ್ಸನ್ ಮತ್ತು ಅವರ ಜೊತೆಗಾರರು ಮಾಡಿದ್ದು, 2011ರಲ್ಲೇ. ಬೆಳೆದು ದೊಡ್ಡವಾದ ಸುಂಡಿಲಿಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಸ್ಯಾಟಲೈಟ್ ಕೋಶಗಳನ್ನು ಕೊಂದರು. ನಂತರ ಮೀನಖಂಡದ ದೊಡ್ಡ ಸ್ನಾಯು ತೆಗೆದು, ಅದರ ಕೆಲಸವೆಲ್ಲ ಪಕ್ಕದ ಸಣ್ಣ ಸ್ನಾಯುವಿನ ಮೇಲೆ ಬೀಳುವ ಹಾಗೆ ಮಾಡಿದರು. ಎರಡೇ ವಾರದಲ್ಲಿ ಆ ಸಣ್ಣ ಸ್ನಾಯು ಬೆಳೆಯಿತು. ಕೋಶ ಇದ್ದವುಗಳಲ್ಲಿ ಎಷ್ಟು ಬೆಳೆಯಿತೋ ಇಲ್ಲದವುಗಳಲ್ಲೂ ಅಷ್ಟೇ! ಹೊಸ ನ್ಯೂಕ್ಲಿಯಸ್ ಸೇರಿರಲಿಲ್ಲ. ಇದ್ದ ನ್ಯೂಕ್ಲಿಯಸ್‌ಗಳೇ ಸರಹದ್ದು ಹಿಗ್ಗಿಸಿಕೊಂಡು ಹೆಚ್ಚು ಕೆಲಸ ಮಾಡಿದ್ದವು.

ನಾರ್ವೆಯ ಓಸ್ಲೊದ ತಂಡ ಇದನ್ನು ಒಪ್ಪಲಿಲ್ಲ. 2016ರಲ್ಲಿ ತಾವೇ ಪ್ರಯೋಗ ಮಾಡಿ, ಈ ಕೋಶಗಳಿಲ್ಲದೆ ಎಳೆ ದಪ್ಪವಾಗಲ್ಲ ಅಂತ ಬರೆದರು. ಮರುವರ್ಷ ಗೋ ಮತ್ತು ಮಿಲೇ ಅನ್ನುವ ಸಂಶೋಧಕರು ಇನ್ನೊಂದು ಉಪಾಯ ಹೂಡಿದರು. ಕೋಶಗಳನ್ನು ಕೊಲ್ಲದೆ, ಅವುಗಳ ಮಯೋಮೇಕರ್ ಮಾತ್ರ ತೆಗೆದರು. ಕೋಶ ಇದೆ, ಏಳುತ್ತದೆ, ಆದರೆ ಬೆರೆಯಲಾರದು. ಆಗಲೂ ಬೆಳವಣಿಗೆ ನಿಂತಿತು. ಈ ನಡುವೆ ಕೆಂಟಕಿಯವರದೇ ಮುಂದಿನ ಕೆಲಸಗಳು ಬಂದವು. ಎರಡು ವಾರದ ಬದಲು ಎಂಟು ವಾರ ಬಿಟ್ಟು ನೋಡಿದರೆ, ಕೋಶಗಳಿಲ್ಲದ ಸ್ನಾಯು ಹಿಂದೆ ಬಿದ್ದಿತ್ತು, ಎಳೆಗಳ ನಡುವೆ ನಾರು ಜಾಸ್ತಿ ಸೇರಿತ್ತು. ಇನ್ನೂ ಬೆಳೆಯುವ ವಯಸ್ಸಿನ ಸುಂಡಿಲಿಗಳಲ್ಲಿ ನೋಡಿದರೆ, ಈ ಕೋಶಗಳಿಲ್ಲದೆ ಕೆಲಸವೇ ನಡೆಯಲಿಲ್ಲ.

ಇದನ್ನೆಲ್ಲ ಮುಂದಿಟ್ಟುಕೊಂಡು ನನಗೆ ಅನಿಸುವುದು ಇಷ್ಟು. ಬೆಳವಣಿಗೆ ಶುರುವಾಗುವುದು ಎಳೆಯ ಒಳಗೆ. ಭಾರ ಬಿದ್ದಾಗ ಎಳೆಯೇ ಪ್ರೋಟೀನ್ ಹೆಚ್ಚಿಸುತ್ತದೆ, ಸ್ಯಾಟಲೈಟ್ ಕೋಶಕ್ಕೆ ಕಾಯುತ್ತಾ ಕೂರಲ್ಲ. ಬಹಳ ದೂರ ಬೆಳೆಯಬೇಕಾದರೆ, ತಿಂಗಳುಗಟ್ಟಲೆ ಬೆಳೆಯುತ್ತಾ ಇರಬೇಕಾದರೆ, ಕೋಶಗಳ ಕೊಡುಗೆ ಬೇಕಾಗುತ್ತದೆ. ಆ ಕೊಡುಗೆಯೂ ಬರೀ ನ್ಯೂಕ್ಲಿಯಸ್ ಅಲ್ಲ. ಎದ್ದ ಕೋಶಗಳು ಅಕ್ಕಪಕ್ಕದ ನಾರು ನೇಯುವ ಕೋಶಗಳಿಗೆ "ಸಾಕು, ನಿಧಾನ" ಅಂತ ಸಂದೇಶ ಕಳಿಸುತ್ತವೆ. ಈ ಎರಡನೇ ಕೆಲಸದ ಬಗ್ಗೆ ಜಿಮ್‌ಗಳಲ್ಲಿ ಯಾರೂ ಮಾತಾಡಲ್ಲ. ನನ್ನ ಪ್ರಕಾರ ಅದೇ ಹೆಚ್ಚು ಸ್ವಾರಸ್ಯ. ಒಂದು ಮಾತು ನೆನಪಿರಲಿ: ಪಕ್ಕದ ಸ್ನಾಯು ಕತ್ತರಿಸಿ ಹಗಲು ರಾತ್ರಿ ಭಾರ ಹೊರಿಸುವುದಕ್ಕೂ ನೀವು ವಾರಕ್ಕೆ ನಾಲ್ಕು ದಿನ ಸ್ಕ್ವಾಟ್ ಮಾಡುವುದಕ್ಕೂ ಅಜಗಜಾಂತರ.

ಮನುಷ್ಯರಲ್ಲಿ ಕೋಶ ಕೊಂದು ನೋಡುವ ಹಾಗಿಲ್ಲವಲ್ಲ. ತೊಡೆಯಿಂದ ಸೂಜಿಯಲ್ಲಿ ಕಾಳಿನಷ್ಟು ಸ್ನಾಯು ತೆಗೆದು, ಬಣ್ಣ ಹಾಕಿ, ಎಣಿಸುತ್ತೇವೆ. ಎಳೆಗಳ ಅಡ್ಡ ಸೀಳು ಒತ್ತೊತ್ತಾಗಿ ಜೋಡಿಸಿದ ಕಲ್ಲುಹಾಸಿನ ಹಾಗೆ ಕಾಣುತ್ತದೆ. ಅಂಚಿನಲ್ಲಿ ನೀಲಿ ನ್ಯೂಕ್ಲಿಯಸ್‌ಗಳು. ಅವುಗಳಲ್ಲಿ ನೂರಕ್ಕೆ ಎರಡರಿಂದ ಏಳು ಮಾತ್ರ ಸ್ಯಾಟಲೈಟ್ ಕೋಶಗಳದ್ದು. ಒಂದು ಗಾಜಿನ ಹಲಗೆ ಮುಗಿಸುವಷ್ಟರಲ್ಲಿ ಕಣ್ಣು ಬತ್ತಿಹೋಗಿರುತ್ತದೆ.

ಹೀಗೆ ಎಣಿಸಿದ ಕೆಲಸಗಳಲ್ಲಿ 2008ರ ಪೆಟ್ರೆಲ್ಲಾ ತಂಡದ್ದು ಎಲ್ಲರೂ ಎತ್ತಿ ಹೇಳುವಂಥದ್ದು. 66 ಜನಕ್ಕೆ 16 ವಾರ ತೊಡೆಗೆ ಭಾರದ ವ್ಯಾಯಾಮ. 17 ಜನಕ್ಕೆ ಎಳೆಗಳು ಭರ್ಜರಿಯಾಗಿ ದಪ್ಪವಾದವು, 32 ಜನಕ್ಕೆ ಸುಮಾರಾಗಿ, ಉಳಿದ 17 ಜನಕ್ಕೆ ಏನೂ ಇಲ್ಲ ಅನ್ನಬಹುದು. ಎಲ್ಲರೂ ಮಾಡಿದ್ದು ಒಂದೇ ವ್ಯಾಯಾಮ. ಭರ್ಜರಿಯಾಗಿ ಬೆಳೆದವರಲ್ಲಿ ಶುರುವಿನಲ್ಲೇ ಸ್ಯಾಟಲೈಟ್ ಕೋಶಗಳು ಜಾಸ್ತಿ ಇದ್ದವು, ವ್ಯಾಯಾಮದಿಂದ ಇನ್ನೂ ಹೆಚ್ಚಾದವು. ಹಾಗಂತ ಕೋಶಗಳಿಂದಲೇ ಬೆಳೆದರು ಅಂದುಬಿಟ್ಟರೆ, ತನ್ನ ಕೋಳಿ ಕೂಗಿದ್ದರಿಂದಲೇ ಬೆಳಗಾಯ್ತು ಅಂದ ಅಜ್ಜಿಯ ಕಥೆ ಆಗಿಬಿಡುತ್ತದೆ. ಚೆನ್ನಾಗಿ ಬೆಳೆಯುವ ಸ್ನಾಯುವೇ ಕೋಶಗಳನ್ನು ಹೆಚ್ಚು ಕರೆಯುತ್ತಿರಬಹುದು. ಸುಂಡಿಲಿಗಳ ಪ್ರಯೋಗ ಬೇಕಾಗಿದ್ದೇ ಅದಕ್ಕೆ.

ಇನ್ನು ನಿಮ್ಮ ಕೋಚ್ ಹೇಳುವ ನೋವು. ಇಲ್ಲಿ ಮಾತ್ರ ನಾನು ಅವರ ಜೊತೆ ಇಲ್ಲ. ಭಾರ ಇಳಿಸುವಾಗ ಸ್ನಾಯು ಎಳೆದುಕೊಂಡು ಕೆಲಸ ಮಾಡುತ್ತದೆ. ಅಭ್ಯಾಸ ಇಲ್ಲದಾಗ ಅದರಿಂದ ಎಳೆಗಳಿಗೆ ಪೆಟ್ಟು ಬೀಳುವುದು ನಿಜ. ಆಗ ಸ್ಯಾಟಲೈಟ್ ಕೋಶಗಳು ಹೆಚ್ಚುವುದೂ ನಿಜ, ಮೂರನೇ ದಿನದ ಹೊತ್ತಿಗೆ ತುತ್ತತುದಿಗೆ ಹೋಗುತ್ತವೆ. ಆದರೆ ಆ ಓಡಾಟದ ಬಹುಪಾಲು ರಿಪೇರಿ ಲೆಕ್ಕಕ್ಕೆ ಹೋಗುತ್ತದೆ. ಹೊಸದಾಗಿ ಶುರುಮಾಡಿದವರನ್ನು ಹತ್ತು ವಾರ ಹಿಂಬಾಲಿಸಿದ 2016ರ ಒಂದು ಅಧ್ಯಯನ ಇದೆ. ಮೊದಲ ವಾರ ಪೆಟ್ಟೂ ಜಾಸ್ತಿ, ಪ್ರೋಟೀನ್ ತಯಾರಿಕೆಯೂ ಜಾಸ್ತಿ. ಆದರೆ ಕೊನೆಗೆ ಯಾರು ಎಷ್ಟು ಬೆಳೆದರು ಅನ್ನುವುದಕ್ಕೂ ಆ ಮೊದಲ ವಾರದ ಪ್ರೋಟೀನಿಗೂ ತಾಳೆ ಆಗಲಿಲ್ಲ. ಮೂರನೇ ವಾರದ ನಂತರ, ಪೆಟ್ಟು ಕಡಿಮೆಯಾದ ಮೇಲೆ ತಯಾರಾದ ಪ್ರೋಟೀನಿಗೆ ತಾಳೆ ಆಯಿತು. ಇನ್ನೊಂದರಲ್ಲಿ ಒಂದು ಗುಂಪಿಗೆ ಮೂರು ವಾರ ಮೆಲ್ಲಗೆ ಅಭ್ಯಾಸ ಮಾಡಿಸಿ ನೋವೇ ಬಾರದ ಹಾಗೆ ಮಾಡಿದರು. ಇನ್ನೊಂದು ಗುಂಪನ್ನು ನೇರವಾಗಿ ದೂಡಿದರು. ಎರಡೂ ಗುಂಪು ಬೆಳೆದದ್ದು ಒಂದೇ ಅಳತೆ.

ಸಣ್ಣಪುಟ್ಟ ಗೀರಿಗೆ ಎಳೆ ಈ ಕೋಶಗಳನ್ನು ಕರೆಯುವುದೂ ಇಲ್ಲ. ಎಳೆಯ ಒಳಗಿನ ನ್ಯೂಕ್ಲಿಯಸ್‌ಗಳೇ ಕೆಲವೇ ಗಂಟೆಗಳಲ್ಲಿ ಗೀರಿನ ಕಡೆಗೆ ಸರಿದು ಹೋಗಿ, ಅಲ್ಲೇ ಪ್ರೋಟೀನ್ ತಯಾರಿಸಿ ಮುಚ್ಚಿಬಿಡುತ್ತವೆ. 2021ರಲ್ಲಿ ಇದನ್ನು ತೋರಿಸಿದಾಗ ನಮ್ಮ ಲ್ಯಾಬಿನಲ್ಲಿ ಅರ್ಧ ದಿನ ಯಾರೂ ಬೇರೆ ಕೆಲಸ ಮಾಡಲಿಲ್ಲ. ಆದ್ದರಿಂದ ಎಂಟು ತಿಂಗಳಾದ ಮೇಲೆ ನಿಮಗೆ ನೋವು ಕಡಿಮೆ ಬರುತ್ತಿದ್ದರೆ ಸುಮ್ನೆ ಹುಡುಕಿಕೊಂಡು ಹೋಗಬೇಡಿ. ಎತ್ತುವ ಭಾರ, ಎಣಿಕೆ ಮೇಲೇರುತ್ತಿದೆಯಾ ನೋಡಿ.

ಮಾತ್ರೆಯ ವಿಷಯ. ಒಂದು ದಿನ ತಲೆನೋವಿಗೆ ತಗೊಂಡರೆ ಏನೂ ಆಗಲ್ಲ. ಆದರೆ 18ರಿಂದ 35 ವರ್ಷದವರಿಗೆ ಎಂಟು ವಾರ ದಿನಾ 1,200 ಮಿಲಿಗ್ರಾಂ ಐಬುಪ್ರೊಫೆನ್ ಕೊಟ್ಟಾಗ ತೊಡೆಯ ಸ್ನಾಯು ಶೇ. 3.7 ಮಾತ್ರ ಬೆಳೆಯಿತು. ಹೋಲಿಕೆಗೆ ಅಂತ ಸಣ್ಣ ಪ್ರಮಾಣದ ಆಸ್ಪಿರಿನ್ ತಗೊಂಡವರಲ್ಲಿ ಶೇ. 7.5. ಇದೇ ಜಾತಿಯ ಇಂಡೋಮೆಥಸಿನ್ ಔಷಧವನ್ನು ನೇರವಾಗಿ ತೊಡೆಗೆ ಹರಿಸಿದಾಗ, ವ್ಯಾಯಾಮದ ನಂತರ ಸ್ಯಾಟಲೈಟ್ ಕೋಶಗಳು ಹೆಚ್ಚುವುದೇ ನಿಂತಿತು. ಉರಿಯೂತವೇ ಅವುಗಳನ್ನು ಎಬ್ಬಿಸುವ ಗಂಟೆ, ಅದನ್ನೇ ಮುಚ್ಚಿದ ಹಾಗಾಯ್ತು. ತಮಾಷೆ ಅಂದರೆ ವಯಸ್ಸಾದವರಲ್ಲಿ ಹನ್ನೆರಡು ವಾರದ ಇನ್ನೊಂದು ಅಧ್ಯಯನ ಉಲ್ಟಾ ಹೇಳಿತು, ಮಾತ್ರೆ ತಗೊಂಡವರೇ ಹೆಚ್ಚು ಬೆಳೆದರು. ಅವರ ಮೈಯಲ್ಲಿ ಉರಿಯೂತ ಮೊದಲೇ ಜಾಸ್ತಿ ಇರುವುದು ಕಾರಣ ಇರಬಹುದು. ನಿಮ್ಮ ವಯಸ್ಸಿಗೆ ಮಾತ್ರ ದಿನಾ ನುಂಗುವ ಅಭ್ಯಾಸ ಬೇಡ, ಹೊಟ್ಟೆ ಮತ್ತು ಮೂತ್ರಪಿಂಡದ ದೃಷ್ಟಿಯಿಂದಲೂ. ವ್ಯಾಯಾಮ ಆದ ಕೂಡಲೇ ಹತ್ತು ನಿಮಿಷ ಐಸ್ ನೀರಿನಲ್ಲಿ ಕೂರುವುದೂ ಹೀಗೇ. 2015ರಲ್ಲಿ ಹನ್ನೆರಡು ವಾರ ಹಾಗೆ ಮಾಡಿಸಿ ನೋಡಿದಾಗ ಬೆಳವಣಿಗೆಯೂ ಕಡಿಮೆ, ಸ್ಯಾಟಲೈಟ್ ಕೋಶಗಳೂ ಕಡಿಮೆ.

ಈ ಕೋಶಗಳನ್ನು ಎಬ್ಬಿಸುತ್ತೇವೆ ಅಂತ ಡಬ್ಬಿಯ ಮೇಲೆ ಬರೆದುಕೊಂಡ ಪುಡಿಗಳೂ ಸಿಗುತ್ತವೆ. ಅವುಗಳಲ್ಲಿ ಕ್ರಿಯಾಟಿನ್‌ಗೆ ಮನುಷ್ಯರಲ್ಲಿ ಸ್ವಲ್ಪ ಆಧಾರ ಇದೆ, ಅದೂ ಭಾರದ ವ್ಯಾಯಾಮದ ಜೊತೆಗೆ. ಉಳಿದವಕ್ಕೆ ದುಡ್ಡು ಹಾಕಬೇಡಿ.

ಕೊನೆಗೆ, ಬಿಟ್ಟರೆ ಎಲ್ಲಾ ಹೋಯ್ತಾ ಅನ್ನುವ ಪ್ರಶ್ನೆ. ಓಸ್ಲೊದ ಗುಂಡರ್ಸನ್ ತಂಡ 2010ರಲ್ಲಿ ಬದುಕಿರುವ ಸುಂಡಿಲಿಯ ಒಂದೇ ಎಳೆಯನ್ನು ದಿನಗಟ್ಟಲೆ ಹಿಂಬಾಲಿಸಿ ನೋಡಿತು. ಭಾರ ಬಿದ್ದಾಗ ಹೊಸ ನ್ಯೂಕ್ಲಿಯಸ್‌ಗಳು ಮೊದಲು ಬಂದವು, ಎಳೆ ದಪ್ಪವಾದದ್ದು ಆಮೇಲೆ. ನಂತರ ನರ ಕತ್ತರಿಸಿದಾಗ ಎಳೆ ಸೊರಗಿತು, ನ್ಯೂಕ್ಲಿಯಸ್‌ಗಳು ಮಾತ್ರ ಹಾಗೇ ಉಳಿದವು. 2013ರಲ್ಲಿ ಹೆಣ್ಣು ಸುಂಡಿಲಿಗಳಿಗೆ ಎರಡು ವಾರ ಟೆಸ್ಟೋಸ್ಟೆರಾನ್ ಕೊಟ್ಟು ನಿಲ್ಲಿಸಿದರು. ಸ್ನಾಯು ಮೊದಲಿನ ಗಾತ್ರಕ್ಕೆ ಇಳಿಯಿತು, ನ್ಯೂಕ್ಲಿಯಸ್ ಇಳಿಯಲಿಲ್ಲ. ಮೂರು ತಿಂಗಳ ಮೇಲೆ ಭಾರ ಹೊರಿಸಿದರೆ ಆರೇ ದಿನದಲ್ಲಿ ಶೇ. 31 ಬೆಳೆಯಿತು. ಔಷಧ ಕಾಣದವು ಅಷ್ಟು ದಿನದಲ್ಲಿ ಹೇಳಿಕೊಳ್ಳುವಂತೆ ಬೆಳೆಯಲೇ ಇಲ್ಲ. ಕ್ರೀಡೆಯಲ್ಲಿ ಸ್ಟೀರಾಯ್ಡ್ ತಗೊಂಡು ಸಿಕ್ಕಿಬಿದ್ದವರಿಗೆ ಎಷ್ಟು ವರ್ಷ ನಿಷೇಧ ಹಾಕಬೇಕು ಅನ್ನುವ ಚರ್ಚೆಗೆ ಈ ಪ್ರಯೋಗ ತುಪ್ಪ ಸುರಿಯಿತು.

ಮನುಷ್ಯರಲ್ಲಿ ನ್ಯೂಕ್ಲಿಯಸ್‌ಗಳು ಹಾಗೇ ಉಳಿಯುತ್ತವೆ ಅನ್ನುವುದಕ್ಕೆ ಸಾಕ್ಷಿ ಇಷ್ಟು ಗಟ್ಟಿ ಇಲ್ಲ. ಬೇರೆ ಸುಂಡಿಲಿ ಪ್ರಯೋಗಗಳಲ್ಲೂ ಕಡಿಮೆಯಾಗಿದ್ದು ಕಂಡಿದೆ. ಡಿಎನ್‌ಎ ಮೇಲಿನ ರಾಸಾಯನಿಕ ಗುರುತುಗಳು ಉಳಿದು ನೆನಪಾಗಿ ಕೆಲಸ ಮಾಡುತ್ತವೆ ಅನ್ನುವ ವಾದವೂ 2018ರಿಂದ ಬಲವಾಗಿದೆ. ಕಾರಣ ಯಾವುದೇ ಇರಲಿ, ನಿಮಗೆ ಬೇಕಾದ ಉತ್ತರ ಫಿನ್‌ಲ್ಯಾಂಡಿನಿಂದ ಬಂದಿದೆ. 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದು ಗುಂಪು 20 ವಾರ ಬಿಡದೆ ವ್ಯಾಯಾಮ ಮಾಡಿತು. ಇನ್ನೊಂದು 10 ವಾರ ಮಾಡಿ, 10 ವಾರ ಪೂರ್ತಿ ಬಿಟ್ಟು, ಮತ್ತೆ 10 ವಾರ ಮಾಡಿತು. ಬಿಟ್ಟಾಗ ಸ್ನಾಯುವಿನ ಗಾತ್ರ ಇಳಿಯಿತು, ಶಕ್ತಿ ಅಷ್ಟೇನೂ ಇಳಿಯಲಿಲ್ಲ. ವಾಪಸು ಬಂದ ಮೊದಲ ಕೆಲವು ವಾರಗಳಲ್ಲೇ ಕಳೆದುಕೊಂಡದ್ದು ಬಂತು. ಕೊನೆಯಲ್ಲಿ ಎರಡೂ ಗುಂಪು ಸಮಸಮ. ನೀವು ಬಿಡುವುದು ಎರಡು ಮೂರು ತಿಂಗಳು, ಅಲ್ವಾ? ಹೆಚ್ಚುಕಡಿಮೆ ಅಷ್ಟೇ ಆಯ್ತು. ವಾಪಸು ಹೋದ ಮೊದಲ ವಾರ ಮಾತ್ರ ಹಳೆಯ ಭಾರಕ್ಕೆ ಕೈ ಹಾಕಬೇಡಿ. ಬಿಟ್ಟ ಸ್ನಾಯುವಿಗೆ ಪೆಟ್ಟು ಬೇಗ ಬೀಳುತ್ತದೆ. ನಿಮ್ಮ ಕೋಚ್‌ಗೆ ಬೇಕಾದ ನೋವು ಆಗ ಹೇಗೂ ಬಂದೇ ಬರುತ್ತದೆ.